ಇಬ್ಬನಿ ಕೂರದ ಜಾಗ

ಬೆಳಗಿನ ಐದೂ ಮುಕ್ಕಾಲು. ಹೈದರಾಬಾದಿನ ತಾರ್ನಾಕದಲ್ಲಿ ಒಂದು ಅಪಾರ್ಟ್‌ಮೆಂಟಿನ ಮುಂದಿನ ಬಯಲಲ್ಲಿ ಬಿಳಿ ಕಾರೊಂದು ರಾತ್ರಿಯಿಡೀ ಆಕಾಶಕ್ಕೆ ಮೈಯೊಡ್ಡಿ ನಿಂತಿದೆ. ಡಿಸೆಂಬರಿನ ಚಳಿ. ಕಾರಿನ ಮೈತುಂಬ ಇಬ್ಬನಿ, ಜರಡಿ ಹಿಡಿದ ಹಿಟ್ಟಿನ ಹಾಗೆ ಸಣ್ಣಗೆ ಕೂತಿದೆ. ಹಂಪಯ್ಯ ಅದನ್ನು ಮುಟ್ಟುವುದಿಲ್ಲ. ಮಫ್ಲರಿನೊಳಗಿಂದ ಕಣ್ಣಷ್ಟೇ ಹೊರಗಿಟ್ಟು, ಹತ್ತು ಹೆಜ್ಜೆ ದೂರದಲ್ಲಿ ಒಂದು ಸುತ್ತು ಹಾಕುತ್ತಾರೆ. ಆಮೇಲೆ ಕಾರಿಗೆ ಬೆನ್ನು ಮಾಡಿ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುತ್ತಾರೆ. ಮೊದಲ ಮಹಡಿಯ ಕಿಟಕಿಯಿಂದ ಬಗ್ಗಿ ಕಾರಿನ ನೆತ್ತಿ ನೋಡುತ್ತಾರೆ.

ಹಿಂದೆ ನಿಂತ ಸ್ನೇಹಲತಾರ ಕೈಯಲ್ಲಿ ಚಹಾದ ಲೋಟ. ಈ ಕಾರು ಕೊಳ್ಳಬೇಕೆಂದು, ಒಂದು ದಿನ ಓಡಿಸಿ ನೋಡಲು ಮಾರುವವರಿಂದ ತರಿಸಿಕೊಂಡವರು ಅವರು. ಬೀದರಿನ ಕಡೆಯವರು, ಖಾಸಗಿ ಶಾಲೆಯೊಂದರ ಟೀಚರು. ಮನೆಗೆ ಇದು ಮೊದಲನೇ ಕಾರು. ಎರಡು ಮಕ್ಕಳು ಆಗಲೇ ಹಿಂದಿನ ಸೀಟಿನ ಕಿಟಕಿಗಾಗಿ ಜಗಳ ಹಚ್ಚಿ ಮುಗಿಸಿವೆ.

"ಏನಾತ್ರೀ ಹಂಪಯ್ಯನವರ?"

"ತಾಯಿ, ಅಲ್ಲಿ ನೋಡ್ರಿ. ಹಿಂದಿನ ಸೀಟಿನ ಮ್ಯಾಲ. ಇಬ್ಬನಿ ಕುಂತಿಲ್ಲ."

ನೋಡಿದರೆ ನಿಜ. ಕಾರಿನ ತಲೆಯ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಅಂಗೈ ಅಗಲದ ಒಂದು ಒಣ ಪಟ್ಟಿ. ಉಳಿದೆಲ್ಲ ಕಡೆ ಹಿಟ್ಟು ಚೆಲ್ಲಿದಂತಿದ್ದರೆ, ಅಲ್ಲಿ ಮಾತ್ರ ಯಾರೋ ಬೆರಳಾಡಿಸಿ ಒರೆಸಿದಂತಿದೆ. ಯಾರೂ ಒರೆಸಿಲ್ಲ. ಒರೆಸಬಾರದು ಎಂಬುದೇ ಹಂಪಯ್ಯನವರ ಮೊದಲ ಷರತ್ತು. ಗಾಡಿ ರಾತ್ರಿ ಬಯಲಲ್ಲಿ ನಿಲ್ಲಬೇಕು, ಕವರ್ ಹಾಕಬಾರದು, ಬೆಳಿಗ್ಗೆ ತಾವು ಬರುವ ಮೊದಲು ಬಟ್ಟೆ ಮುಟ್ಟಿಸಬಾರದು. ಬರೀ ತಗಡಿದ್ದ ಕಡೆ ರಾತ್ರಿ ಬೇಗ ತಣ್ಣಗಾಗುತ್ತದೆ, ಇಬ್ಬನಿ ಕೂರುತ್ತದೆ. ಒಳಗೆ ಲಾಂಬಿ, ಅಂದರೆ ತಗ್ಗು ಮುಚ್ಚುವ ಮೆತ್ತು, ತುಂಬಿದ ಕಡೆ ಹಗಲಿನ ಬಿಸಿ ಹೋಗುವುದಿಲ್ಲ, ಇಬ್ಬನಿ ಕೂರುವುದಿಲ್ಲ. ಪೇಂಟು ಕಣ್ಣಿಗೆ ಸುಳ್ಳು ಹೇಳಬಹುದು, ಚಳಿಗೆ ಹೇಳಲಾರದು. ಬೇಸಿಗೆಯಲ್ಲಾದರೆ ಒಂದು ಬಕೀಟು ನೀರು ಸುರಿದು ಯಾವ ಜಾಗ ಕಡೆಗೆ ಒಣಗುತ್ತದೆ ಎಂದು ಕೂತು ನೋಡುತ್ತಾರೆ. ಇಷ್ಟಕ್ಕೆ ಮಷೀನು ಬೇಡ. ತಾಳ್ಮೆ ಬೇಕು. ಅದು ಕಾರು ಮಾರುವವರ ಹತ್ತಿರ ಇಲ್ಲ, ಕೊಳ್ಳುವವರ ಹತ್ತಿರವೂ ಇಲ್ಲ.

ಐವತ್ತೆರಡು ವಯಸ್ಸಿನ ಹಂಪಯ್ಯನವರ ಕೆಲಸಕ್ಕೆ ಹೆಸರಿಲ್ಲ. ಬಾಲಾನಗರದ ಒಂದು ಕೋಣೆಯ ಮನೆಗೆ ಬೋರ್ಡಿಲ್ಲ. ಹಳೇ ಕಾರು ಕೊಳ್ಳುವವರು ಒಬ್ಬರ ಬಾಯಿಂದ ಇನ್ನೊಬ್ಬರು ಕೇಳಿ ಫೋನು ಮಾಡುತ್ತಾರೆ. ಇವರು ಬಸ್ಸು ಹಿಡಿದು ಕತ್ತಲಿರುವಾಗಲೇ ಹೋಗಿ, ಆ ಕಾರು ಎಲ್ಲಿ ಗುದ್ದಿಸಿಕೊಂಡಿದೆ, ಎಷ್ಟು ಗುದ್ದಿಸಿಕೊಂಡಿದೆ, ಏನನ್ನು ಮುಚ್ಚಿದ್ದಾರೆ ಎಂದು ಹೇಳಿ ಬರುತ್ತಾರೆ. ವಾರಕ್ಕೆ ಹನ್ನೆರಡು, ಹದಿಮೂರು ಗಾಡಿ. ಹತ್ತರಲ್ಲಿ ನಾಲ್ಕು ಪೆಟ್ಟು ತಿಂದವು. ಆ ನಾಲ್ಕರಲ್ಲಿ ಒಂದು ಮನುಷ್ಯರು ಕೂರಬಾರದಂಥದ್ದು. ಆದರೆ ಆ ನಾಲ್ಕಕ್ಕೂ ಕಾಗದದ ಮೇಲೆ ಒಂದು ಗೀರು ಕೂಡ ಇರುವುದಿಲ್ಲ. ಎಲ್ಲವೂ 'ಡಾಕ್ಟರ್ ಓಡಿಸಿದ್ದು', 'ಫ್ಯಾಮಿಲಿ ಗಾಡಿ', 'ಸಂಡೇಗೆ ಮಾತ್ರ ಹೊರಗೆ ತೆಗೆದದ್ದು'. ಈ ಊರಿನ ಡಾಕ್ಟರುಗಳೆಲ್ಲ ಸೇರಿದರೂ ಅಷ್ಟು ಕಾರು ಓಡಿಸಲಾರರು.

ನಗರದಲ್ಲಿ ಹಳೇ ಕಾರು ಮಾರುವ ಮೂರು ಯಾರ್ಡುಗಳಲ್ಲಿ ಅವರಿಗೆ ಪ್ರವೇಶವಿಲ್ಲ. ಸೆಕ್ಯುರಿಟಿಯವರ ಗೂಡಿನ ಒಳಗೋಡೆಗೆ ಅವರ ಫೋಟೋ ಅಂಟಿಸಿದ್ದಾರೆ. "ಕಳ್ಳರ ಸಾಲಿನಾಗ ನಂದೂ ಹಚ್ಯಾರ್ರೀ," ಎಂದು ನಗುತ್ತಾರೆ. "ನಮ್ಮವ್ವ ಇದ್ದಿದ್ರ ಖುಷಿ ಪಡತಿದ್ಲು. ಮಗಾ ದೊಡ್ಡ ಮನುಷ್ಯಾ ಆದ, ಫೋಟೋ ಹಚ್ಯಾರಂತ."

ಗುರುಮಠಕಲ್ ಕಡೆಯ ತಾಂಡಾವೊಂದರ ಪಕ್ಕದ ಹಳ್ಳಿ ಅವರದು. ಹದಿಮೂರನೇ ವಯಸ್ಸಿಗೆ ಹೈದರಾಬಾದಿಗೆ ಬಂದು ಬಾಲಾನಗರದ ಡೆಂಟಿಂಗ್ ಶೆಡ್ ಸೇರಿದರು. ಅಲ್ಲಿನ ಉಸ್ತಾದ ಮೊದಲ ಆರು ತಿಂಗಳು ಸುತ್ತಿಗೆಯನ್ನೇ ಕೊಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ, ಕೈ ಹಿಡಿದು ಬಾಗಿಲ ಮೇಲೆ ಆಡಿಸುತ್ತಿದ್ದ. ಎಲ್ಲಿ ತಗ್ಗು, ಎಲ್ಲಿ ಉಬ್ಬು ಹೇಳು ಎನ್ನುತ್ತಿದ್ದ. ತಪ್ಪು ಹೇಳಿದರೆ ಬೆರಳ ಗೆಣ್ಣಿಗೆ ಏಟು. "ಆ ಏಟಿನಾಗ ವಿದ್ಯೆ ಬಂತ್ರಿ," ಎನ್ನುತ್ತಾರೆ. ಮೂವತ್ತು ವರ್ಷ ತಗಡು ಬಡಿದು ಎಡಗಿವಿ ಹೋಗಿದೆ. ಥಿನ್ನರಿನ ಹೊಗೆ ಕುಡಿದು ಕೆಮ್ಮು ಉಳಿದಿದೆ. ಕೈ ಉಳಿದಿದೆ.

ಆ ಕೈ ಮುಚ್ಚುವ ಕೈಯಾಗಿತ್ತು ಎಂಬುದನ್ನು ಹಂಪಯ್ಯ ಬಚ್ಚಿಡುವುದಿಲ್ಲ. ನಜ್ಜುಗುಜ್ಜಾದ ಗಾಡಿ ಶೆಡ್ಡಿಗೆ ಬರುತ್ತಿತ್ತು, ಹದಿನೈದು ದಿನಕ್ಕೆ ಮದುಮಗಳಾಗಿ ಹೊರಗೆ ಹೋಗುತ್ತಿತ್ತು. ಏರ್‌ಬ್ಯಾಗು ಒಡೆದ ಗಾಡಿಗೆ ಹೊಸದು ಹಾಕುವ ಮಾಲೀಕನನ್ನು ಅವರು ಕಂಡದ್ದು ಕಮ್ಮಿ. ಖಾಲಿ ಡಬ್ಬಿಯ ಮೇಲೆ ಮುಚ್ಚಳ ಅಂಟಿಸಿ, ಕಡಲೆಕಾಳಿನಷ್ಟು ದಪ್ಪದ ಒಂದು ರೆಸಿಸ್ಟರು ಸಿಕ್ಕಿಸಿದರೆ ಸಾಕು, ಎಚ್ಚರಿಕೆಯ ಕೆಂಪು ದೀಪ ಆರಿಹೋಗುತ್ತದೆ. ಗಾಡಿ ತನ್ನ ಹತ್ತಿರ ಏರ್‌ಬ್ಯಾಗು ಇದೆ ಎಂದು ನಂಬುತ್ತದೆ. ಒಳಗೆ ಕೂತವರೂ ನಂಬುತ್ತಾರೆ. ಆ ನಂಬಿಕೆಯ ಮೇಲೆ ಮಗುವನ್ನು ಕೂರಿಸಿಕೊಂಡು ನೂರರ ಸ್ಪೀಡಿನಲ್ಲಿ ಹೋಗುತ್ತಾರೆ. ಇದನ್ನು ಮಾಡುವವರಿಗೆ ನಾವು ಕೊಲೆಗಾರರು ಎನ್ನುವುದಿಲ್ಲ, ಡೀಲರು ಎನ್ನುತ್ತೇವೆ. ಭಾನುವಾರದ ಪುರವಣಿಗಳಲ್ಲಿ ಅವರ ಜಾಹೀರಾತು ಬಣ್ಣದಲ್ಲಿ ಬರುತ್ತದೆ.

ಇದಕ್ಕಿಂತ ಕೆಟ್ಟದ್ದು 'ಜೋಡ್ ಗಾಡಿ'. ಮುಂದೆ ಗುದ್ದಿದ ಒಂದು ಕಾರು, ಹಿಂದೆ ಗುದ್ದಿದ ಇನ್ನೊಂದು ಕಾರು. ಎರಡನ್ನೂ ಸೌತೆಕಾಯಿ ಕೊಯ್ದಂತೆ ಅಡ್ಡ ಕೊಯ್ಯುವುದು, ಚೆನ್ನಾಗಿರುವ ಎರಡು ಅರ್ಧಗಳನ್ನು ಬೆಸೆದು ಒಂದು ಮಾಡುವುದು. ಮೇಲೆ ಲಾಂಬಿ, ಅದರ ಮೇಲೆ ಪೇಂಟು. ಹಂಪಯ್ಯ ಅಂಥವು ಹನ್ನೊಂದು ಮಾಡಿದ್ದಾರೆ, ಎಲ್ಲವೂ ಬಿಳಿ. ಬಾಗಿಲ ಚೌಕಟ್ಟಿನ ರಬ್ಬರಿನ ಕೆಳಗೆ ಫ್ಯಾಕ್ಟರಿಯ ಬೆಸುಗೆಯ ದುಂಡು ಗುಳಿಗಳ ಸಾಲು ಇರುತ್ತದೆ. ಕೊಯ್ದ ಜಾಗದಲ್ಲಿ ಆ ಸಾಲು ಅಳಿಸುತ್ತದೆ. ಅದನ್ನು ಪಂಚಿನಿಂದ ಹೊಡೆದು ಮತ್ತೆ ಮೂಡಿಸುವುದು ಅವರದೇ ಕಸುಬುಗಾರಿಕೆ. ಟೇಪು ಹಿಡಿಯುವ ಪುರಸೊತ್ತಿರಲಿಲ್ಲ. ಗುಳಿಯಿಂದ ಗುಳಿಗೆ ಎಡಗೈಯ ಎರಡು ಬೆರಳು ಜೋಡಿಸಿ ಇಟ್ಟು ಅಳೆದರು. ಹನ್ನೊಂದಕ್ಕೂ ಅದೇ ಎರಡು ಬೆರಳು.

ಎಂಟು ವರ್ಷದ ಹಿಂದೆ ಚಹಾದಂಗಡಿಯಲ್ಲಿ ಯಾರೋ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಜಹೀರಾಬಾದಿನ ರಸ್ತೆಯಲ್ಲಿ ಒಂದು ಕಾರು ಲಾರಿಗೆ ತಗುಲಿ ಎರಡು ಹೋಳಾಗಿತ್ತು. ಮುಂದಿನದು ಒಂದು ಕಡೆ, ಹಿಂದಿನದು ಒಂದು ಕಡೆ. ಹರಿದದ್ದಲ್ಲ, ಬಿಚ್ಚಿಕೊಂಡದ್ದು. ಹಂಪಯ್ಯ ಅರ್ಧ ಕುಡಿದ ಚಹಾ ಅಲ್ಲೇ ಇಟ್ಟು ಬಸ್ಸು ಹತ್ತಿದರು. ಠಾಣೆಯ ಹಿತ್ತಲಲ್ಲಿ ಆ ಹೋಳುಗಳನ್ನು ಹುಡುಕಿ ರಬ್ಬರು ಎಳೆದರು. ಗುಳಿಗಳ ನಡುವೆ ಎರಡು ಬೆರಳಿಟ್ಟರು.

"ಬೆರಳು ಸರೀ ಕುಂತ್ವುರಿ," ಎನ್ನುತ್ತಾರೆ. "ಮದವಿಗಿ ಹೊಂಟವರು. ಹಿಂದಿನ ಸೀಟಿನಾಗ ಬಣ್ಣದ ಕಾಗದ ಸುತ್ತಿದ ಕೊಡ ಇತ್ತು, ಮ್ಯಾಲ ಹೆಸರು ಬರದಿದ್ರು. ಓದೀನಿ. ಯಾರಿಗೂ ಹೇಳಂಗಿಲ್ಲ."

ಮರುದಿನ ಶೆಡ್ಡಿನ ಮಾಲೀಕನ ಮುಂದೆ ಸುತ್ತಿಗೆ ಇಟ್ಟರು. ಮಾಲೀಕ ಚಹಾ ತರಿಸಿದ. "ನೀ ಬಿಟ್ರ ಇನ್ನೊಬ್ಬ ಮಾಡ್ತಾನ ಹಂಪ್ಯಾ, ಗಾಡಿ ನಿಂದ್ರಂಗಿಲ್ಲ," ಅಂದ. ಅವನ ಲೆಕ್ಕ ತಪ್ಪಲಿಲ್ಲ. ಆ ಶೆಡ್ಡಿನ ಜಾಗದಲ್ಲಿ ಈಗ ಅವನದೇ ಮೂರಂತಸ್ತಿನ ಗಾಜಿನ ಷೋರೂಮು ನಿಂತಿದೆ.

ಅಂದಿನಿಂದ ಹಂಪಯ್ಯ ಬೇರೆಯವರ ಗಾಡಿ ನೋಡುತ್ತ ತಮ್ಮವನ್ನು ಹುಡುಕುತ್ತಿದ್ದಾರೆ. ಆ ರಸ್ತೆಯಲ್ಲಿ ಬಿಚ್ಚಿಕೊಂಡದ್ದು ಒಂದು. ಆಮೇಲೆ ಸಿಕ್ಕವು ಮೂರು. ಒಂದರ ಮಾಲೀಕ ಮಾತು ಕೇಳಿ ಗುಜರಿಗೆ ಹಾಕಿದ. ಇನ್ನೊಬ್ಬ ಅವ್ವ ಅಪ್ಪ ಎನ್ನದೆ ಬೈದು ಹಾರನ್ ಹೊಡೆಯುತ್ತ ಹೋದ. ಮೂರನೆಯವನು ಕೈಮುಗಿದು, ನೀವು ದೇವರು ಎಂದು ಹೇಳಿ, ಅದೇ ವಾರ ಆ ಗಾಡಿಯನ್ನು ಇನ್ನೊಬ್ಬರಿಗೆ ಮಾರಿದ. ಈ ಮೂರನೆಯವನ ನೆನಪಾದರೆ ಹಂಪಯ್ಯ ಉಗುಳಲು ಹೊರಗೆ ಹೋಗುತ್ತಾರೆ.

ಹೆಂಡತಿ ಗುಂಡಮ್ಮ ಬಾಲಾನಗರದ ಕೂಲಿಕೋಣೆಗಳಿಗೆ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಕೊಡುತ್ತಾರೆ. ಮನೆ ನಡೆಯುವುದು ಹೆಚ್ಚಾಗಿ ಆ ತಟ್ಟುವಿಕೆಯ ಮೇಲೆ. ಗಂಡನ ಕೆಲಸದ ಬಗ್ಗೆ ಕೇಳಿದರೆ ರೊಟ್ಟಿ ತಟ್ಟುವುದನ್ನು ನಿಲ್ಲಿಸುವುದಿಲ್ಲ. "ಮೊದಲ ಮುಚ್ಚಾಕ ಅಂಗಿ ಹೊಲಸು ಮಾಡ್ಕೊಂಡು ಬರ್ತಿದ್ದ. ಈಗ ತೆಗ್ಯಾಕ ಹೊಲಸು ಮಾಡ್ಕೊಂಡು ಬರ್ತಾನ. ಎರಡೂ ಸರ್ತಿ ಒಗ್ಯಾಕಿ ನಾನss," ಎನ್ನುತ್ತಾರೆ. ಇನ್ನೊಂದು ರೊಟ್ಟಿ ಹಂಚಿಗೆ ಹಾಕಿ, "ಈಗ ನಿದ್ದಿ ಮಾತ್ರ ಮಾಡ್ತಾನ. ಮೊದಲ ಮಾಡ್ತಿದ್ದಿಲ್ಲ," ಎಂದು ಸೇರಿಸುತ್ತಾರೆ.

ತಾರ್ನಾಕದ ಬಯಲಿಗೆ ಈಗ ನಿತಿನ ಬಂದಿದ್ದಾನೆ. ಕಾರು ಮಾರುವ ಕಂಪನಿಯ ಏಜೆಂಟು, ಇಪ್ಪತ್ತನಾಲ್ಕರ ಹುಡುಗ, ಭಾಲ್ಕಿಯ ಮೂಲದವನು, ಟೀ ಶರ್ಟಿನ ಬೆನ್ನ ಮೇಲೆ 'ಸರ್ಟಿಫೈಡ್' ಎಂದು ಬರೆದುಕೊಂಡಿದ್ದಾನೆ. ಬಂದವನೇ ಬಟ್ಟೆ ತೆಗೆದು ಕಾರು ಒರೆಸಲು ಹೋಗುತ್ತಾನೆ. ಸ್ನೇಹಲತಾ ಬಟ್ಟೆ ಕಸಿದುಕೊಳ್ಳುತ್ತಾರೆ.

"ಅರೆ ಕಾಕಾ, ಕಾಯ್ಕೂ ಟೆನ್ಶನ್, ಯಾಕ ಚಿಂತಿ? ಇನ್ನೂರ ಇಪ್ಪತ್ತು ಪಾಯಿಂಟ್ ಚೆಕ್ ಆಗೇತಿ. ನೋಡ್ರಿ, ಎಲ್ಲಾ ಹಸಿರು," ಎಂದು ಫೋನು ಚಾಚುತ್ತಾನೆ.

"ಹಸರ ಐತಿ, ಖರೇ. ಹಿಂದಿನ ಬಾಗಲ ರಬ್ಬರ್ ಎಳದು ನೋಡೀಯೇನು?"

"ರಬ್ಬರ್ ನಮ್ ಲಿಸ್ಟಿನಾಗ ಇಲ್ಲ ಕಾಕಾ."

"ಎಲ್ಲಿ ಇರ್ತೈತಿ? ಲಿಸ್ಟ್ ಮಾಡಿದಾವ ಶ್ಯಾಣ್ಯಾ ಅದಾನ."

ಹಂಪಯ್ಯ ಹಿಂದಿನ ಬಾಗಿಲು ತೆಗೆಯುತ್ತಾರೆ. ರಬ್ಬರಿನ ತುದಿ ಹಿಡಿದು, ಅವರೆಕಾಯಿಯ ನಾರು ಸುಲಿದಂತೆ ಮೆಲ್ಲಗೆ ಎಳೆಯುತ್ತಾರೆ. ಮುಂದಿನ ಬಾಗಿಲ ಕಡೆಯಿಂದ ಬರುವ ಗುಳಿಗಳ ಸಾಲು ಒತ್ತೊತ್ತಾಗಿದೆ, ಮಷೀನಿನ ಅಳತೆ. ಎರಡು ಬಾಗಿಲ ನಡುವಿನ ಕಂಬ ದಾಟಿದ ಮೇಲೆ ಅಳತೆ ಬದಲಾಗುತ್ತದೆ. ಅವರು ಎಡಗೈಯ ಎರಡು ಬೆರಳು ಜೋಡಿಸಿ ಎರಡು ಗುಳಿಗಳ ನಡುವೆ ಇಡುತ್ತಾರೆ. ಮುಂದಿನ ಎರಡರ ನಡುವೆ ಇಡುತ್ತಾರೆ. ಅದರ ಮುಂದಿನದಕ್ಕೂ ಇಡುತ್ತಾರೆ. ಆಮೇಲೆ ಕಾರಿನ ಹೊಸ್ತಿಲ ಮೇಲೆ ಕೂತುಬಿಡುತ್ತಾರೆ.

ಸ್ನೇಹಲತಾ ಕೇಳುತ್ತಾರೆ, "ಅಂದ್ರ ಪೆಟ್ಟು ಬಿದ್ದದ ಅಂತೀರೇನು?"

"ಪೆಟ್ಟಲ್ಲ ತಾಯಿ. ಇದು ಒಂದು ಗಾಡಿ ಅಲ್ಲ, ಎರಡು. ನಿಮ್ಮ ಮಕ್ಕಳು ಕುಂದ್ರೂದು ಒಂದರಾಗ, ನೀವು ಕುಂದ್ರೂದು ಒಂದರಾಗ."

ನಿತಿನನಿಗೆ ಸಿಟ್ಟು ಬರುತ್ತದೆ. "ಪ್ರೂಫ್ ಏನೈತಿ? ಇಬ್ಬನಿ ಕುಂತಿಲ್ಲಂತ ಕಂಪನಿಗೆ ಬರದು ಕೊಡ್ಲೇನು? ಮೇಡಂ, ಇವರು ತಗಡು ಬಡಿಯೋರು, ನಮ್ಮಲ್ಲಿ ಇಂಜಿನಿಯರ್ ಅದಾರ. ಯಾರ ಮಾತು ನಂಬ್ತೀರಿ?"

ಸ್ನೇಹಲತಾರ ಕಣ್ಣು ಕಾರಿನ ಮೇಲಿದೆ. ಮಕ್ಕಳ ಜಗಳ ಮುಗಿದ ಕಾರು. ಬೇಡ ಎಂದರೆ ಅವರ ಪಾಡಿಗೆ ಅವರು ಪಾರು. ಆದರೆ ಗಾಡಿ ಸಂಜೆಯೊಳಗೆ ಯಾರ್ಡಿಗೆ ವಾಪಸು ಹೋಗುತ್ತದೆ, ಮರುದಿನ ಬೆಳಿಗ್ಗೆ ಬಟ್ಟೆ ಹಿಡಿದವರು ಇಬ್ಬನಿ ಒರೆಸುತ್ತಾರೆ, ವಾರದೊಳಗೆ ಬೇರೆ ಯಾವುದೋ ಮಕ್ಕಳು ಕಿಟಕಿಗಾಗಿ ಜಗಳ ಹಚ್ಚುತ್ತವೆ. ಅದನ್ನು ನಿಲ್ಲಿಸಲು ಬೆರಳಿನ ಮಾತು ಸಾಲದು. ಸಾಲುವ ಮಾತು ಒಂದೇ ಇದೆ. ಅದನ್ನು ಹೇಳಿದರೆ ನಾಳೆಯಿಂದ ಯಾರೂ ಹಂಪಯ್ಯನವರನ್ನು ಕರೆಯದಿರಬಹುದು, ಪೊಲೀಸರು ಕರೆಯಬಹುದು. ಹಿಂದೊಮ್ಮೆ ಒಂದು ಸರ್ಕಾರಿ ಕಚೇರಿಗೆ ಹೇಳಲು ಹೋಗಿದ್ದರು. ಮೇಜಿನ ಆಚೆಯವರು ಪೂರ್ತಿ ಕೇಳಿ, "ಮಾಡಿದವನು ನೀನೇ ಅಂತೀಯ, ಹಂಗಾದ್ರ ಮೊದಲು ನಿನ್ನನ್ನೇ ಒಳಗೆ ಹಾಕಬೇಕು," ಎಂದು ನಕ್ಕಿದ್ದರು. ಆ ನಗು ಕೇಳಿ ಎದ್ದು ಬಂದಿದ್ದರು.

ಈ ಸಲ ಏಳುವುದಿಲ್ಲ.

"ಪ್ರೂಫ್ ನಾನss," ಎನ್ನುತ್ತಾರೆ. "ಇದನ್ನ ಜೋಡಿಸಿದಾವ ನಾನು."

ನಿತಿನ ಮೊದಲು ನಗುತ್ತಾನೆ, ಆಮೇಲೆ ನಿಲ್ಲಿಸುತ್ತಾನೆ. ಸ್ನೇಹಲತಾ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಈ ಮನುಷ್ಯನಿಗೇ ಬೆಳಿಗ್ಗೆ ಚಹಾ ಕೊಟ್ಟಿದ್ದರು. ಅವರ ಮುಖ ಗಟ್ಟಿಯಾಗುತ್ತದೆ. "ನಿಮಗ ಮಕ್ಕಳಿಲ್ಲೇನ್ರೀ?" ಎನ್ನುತ್ತಾರೆ.

ಹಂಪಯ್ಯ ಎನ್ನುತ್ತಾರೆ, "ಬೈರಿ ತಾಯಿ, ಆಮ್ಯಾಲ ಬೈರಿ. ಮೊದಲ ಒಂದು ಕಾಗದ ತರ್ರಿ. ನಾ ಹೇಳ್ತೀನಿ, ನೀವು ಬರೀರಿ. ನಾ ಸಹಿ ಹಾಕ್ತೀನಿ."

ಸ್ನೇಹಲತಾ ಬರೆಯುತ್ತಾರೆ. ಮಗಳ ನೋಟುಪುಸ್ತಕದ ಹಾಳೆ. ಯಾವ ಶೆಡ್ಡು, ಯಾವ ವರ್ಷ, ಎಲ್ಲಿ ಕೊಯ್ದದ್ದು, ಎಲ್ಲಿ ಬೆಸೆದದ್ದು, ಕೆಲಸ ಕೊಟ್ಟವನ ಹೆಸರು, ಚಾಸಿ ನಂಬರು. ಹಂಪಯ್ಯ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡುತ್ತಾರೆ. ಸ್ನೇಹಲತಾ ಇನ್ನೊಂದು ಹಾಳೆಯಲ್ಲಿ ನಕಲು ಮಾಡಿ, ಅದಕ್ಕೂ ಸಹಿ ಹಾಕಿಸುತ್ತಾರೆ. ಇನ್ನು ಕಂಪನಿ ನಮಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ, ನಿತಿನ ಆ ಹಾಳೆಯನ್ನು ತೆಗೆದುಕೊಂಡರೆ. ನಿತಿನ ಮ್ಯಾನೇಜರಿಗೆ ಫೋನು ಹಚ್ಚುತ್ತಾನೆ. ಆ ಕಡೆಯ ದನಿ ಹೊರಗೂ ಕೇಳುತ್ತದೆ: ಕಾಗದ ಮುಟ್ಟಬೇಡ, ಗಾಡಿ ತಗೊಂಡು ಬಾ, ಆ ಹುಚ್ಚನ ನಂಬರು ಕಳಿಸು. ಅದೇ ಮ್ಯಾನೇಜರು, ಅದೇ ಕಂಪನಿ, ಜಾಹೀರಾತಿನಲ್ಲಿ 'ನಿಮ್ಮ ಕುಟುಂಬ ನಮ್ಮ ಕುಟುಂಬ' ಎಂದು ಹೇಳುತ್ತದೆ.

ನಿತಿನ ಫೋನು ಜೇಬಿಗಿಡುತ್ತಾನೆ. ಕೀಲಿ ಕೈಯಲ್ಲಿದೆ. ಹೋಗುವುದಿಲ್ಲ. ನೆಲ ನೋಡುತ್ತ ನಿಲ್ಲುತ್ತಾನೆ.

"ಕಾಕಾ, ಒಂದು ಮಾತು. ನಮ್ಮ ಅಪ್ಪಗ ಹ್ವಾದ ವರ್ಷ ಒಂದು ಗಾಡಿ ಕೊಡಿಸೀನಿ. ನಮ್ ಯಾರ್ಡಿಂದss. ಸ್ಟಾಫ್ ಅಂತ ಕಮ್ಮಿ ಮಾಡಿ ಕೊಟ್ರು. ಒಮ್ಮೆ ನೋಡ್ತೀರೇನ್ರಿ?"

ಇನ್ನೂರ ಇಪ್ಪತ್ತು ಪಾಯಿಂಟು, ಎಲ್ಲ ಹಸಿರು, ಬೆನ್ನ ಮೇಲೆ 'ಸರ್ಟಿಫೈಡ್'. ಅದನ್ನು ತೊಟ್ಟವನೇ ತನ್ನಪ್ಪನ ಕಾರಿನಲ್ಲಿ ನೆಮ್ಮದಿಯಾಗಿ ಕೂರಲಾರ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಆ ಕಂಪನಿಗೆ ಯಾರು ಕೊಡಬೇಕು?

ಹಾಳೆ ತಗೊಂಡರೆ ನೋಡುತ್ತೇನೆ ಎಂದು ಹಂಪಯ್ಯ ಚೌಕಾಸಿ ಮಾಡುವುದಿಲ್ಲ. ಕಾಗದದ ಕಡೆ ಕಣ್ಣು ಕೂಡ ಹಾಯಿಸುವುದಿಲ್ಲ. "ನಾಳಿ ಮುಂಜಾನಿ ತಗೊಂಬಾ. ರಾತ್ರಿ ಬಯಲಾಗ ನಿಲ್ಲಸು. ಒರಸಬ್ಯಾಡ," ಎನ್ನುತ್ತಾರೆ, ಅಷ್ಟೇ.

ನಿತಿನ ಹಾಳೆ ಇಸಿದುಕೊಳ್ಳುತ್ತಾನೆ. ಸ್ನೇಹಲತಾ ಉಳಿಸಿಕೊಂಡ ನಕಲಿನ ಮೇಲೆ 'ಪಡೆದಿದ್ದೇನೆ' ಎಂದು ಬರೆದು, ಬ್ಯಾಗಿನಿಂದ ಕಂಪನಿಯ ಮುದ್ರೆ ತೆಗೆದು ಒತ್ತುತ್ತಾನೆ. ಮುದ್ರೆ ಓರೆಯಾಗುತ್ತದೆ. ನಡೆಯುತ್ತದೆ.

ಆ ಒಂದು ಹಾಳೆಯಿಂದ ಆದದ್ದು ಇಷ್ಟು. ಸ್ನೇಹಲತಾ ನಕಲನ್ನು ಸಾರಿಗೆ ಇಲಾಖೆಗೂ ಪೊಲೀಸರಿಗೂ ಕಳಿಸಿದರು. ಹಂಪಯ್ಯನವರನ್ನು ಠಾಣೆಗೆ ಎರಡು ಸಲ ಕರೆಸಿದರು, ಇಡೀ ದಿನ ಬೆಂಚಿನ ಮೇಲೆ ಕೂರಿಸಿದರು. ಗಾಜಿನ ಷೋರೂಮಿನವನನ್ನು ಒಂದು ಸಲ ಕರೆಸಿದರು, ಕುರ್ಚಿ ಕೊಟ್ಟರು. ಈ ಮನುಷ್ಯನನ್ನು ನಾನು ನೋಡೇ ಇಲ್ಲ ಎಂದು ಹೇಳಿ ಅವನು ಹೋದ. ಬೆಸೆದ ಕೈ ಸಿಕ್ಕಿತು, ಬೆಸೆಯಲು ಹೇಳಿದ ಬಾಯಿ ಸಿಗಲಿಲ್ಲ. ನಿತಿನನ ಕೆಲಸ ಹೋಯಿತು. ಅವನಪ್ಪನ ಗಾಡಿಯ ಮುಂಬಾಗಿಲು ಮಾತ್ರ ಪೆಟ್ಟು ತಿಂದದ್ದು, ಮೈ ಗಟ್ಟಿಯಿದೆ ಎಂದು ಹಂಪಯ್ಯ ಹೇಳಿದಾಗ ಆ ಹುಡುಗ ಬಯಲಲ್ಲೇ ಕೂತು ಅತ್ತನಂತೆ. ಕರೆಯುವವರು ಕಮ್ಮಿಯಾಗಬಹುದೆಂದು ಹಂಪಯ್ಯ ಅಂದುಕೊಂಡಿದ್ದರು, ಹೆಚ್ಚಾಗಿದ್ದಾರೆ. ಮೊದಲು ಕರೆದದ್ದು ಸ್ನೇಹಲತಾ. ಬೇರೊಂದು ಕಾರು ನೋಡಲಿಕ್ಕೆ. ಬೈಗುಳ ಬಾಕಿ ಇತ್ತು, ಅದನ್ನೂ ಮುಗಿಸಿ, ಚಹಾ ಕೊಟ್ಟರು.

ಆ ಬಿಳಿ ಕಾರು ಮಾರಾಟವಾಗಿಲ್ಲ. ಯಾರ್ಡಿನ ಹಿಂದಿನ ಮೂಲೆಯಲ್ಲಿ ನಿಂತಿದೆ, ಎರಡು ಟೈರಿನ ಗಾಳಿ ಇಳಿದಿದೆ. ಆ ಗೇಟಿನಲ್ಲೂ ಈಗ ಅವರ ಫೋಟೋ ಇದೆ, ಹೀಗಾಗಿ ಒಳಗೆ ಹೋಗುವಂತಿಲ್ಲ. ವಾರಕ್ಕೊಮ್ಮೆ, ಬೆಳಕು ಹರಿಯುವ ಮೊದಲು, ಕಾಂಪೌಂಡಿನ ಹೊರಗೆ ಒಂದು ಕಲ್ಲಿನ ಮೇಲೆ ನಿಂತು ಇಣುಕಿ ನೋಡಿ ಬರುತ್ತಾರೆ. ಅದು ಅಲ್ಲೇ ಇರಬೇಕು. ಅದರ ಮೈಮೇಲಿನ ಇಬ್ಬನಿಯನ್ನು ಯಾರೂ ಒರೆಸಿರಬಾರದು. ಒರೆಸಿದರೆ ಮಾರಲು ಹೊರಟರು ಎಂದರ್ಥ.

ನಿಮಗೇನಾಗಬೇಕು ಎಂದು ಕೇಳಿದರೆ ಹಂಪಯ್ಯ ಎಡಗೈಯ ಎರಡು ಬೆರಳು ನೋಡಿಕೊಳ್ಳುತ್ತಾರೆ.

"ಶಾಲು ಗೀಲು ಬ್ಯಾಡ್ರಿ, ಮಫ್ಲರ್ ಐತಿ. ಪೇಪರಿನಾಗ ಇಷ್ಟು ಬರೀರಿ. ಹನ್ನೊಂದರಾಗ ಐದು ಸಿಕ್ಕಾವ. ಉಳದವೂ ಬಿಳೇ ಗಾಡಿನss, ಎಲ್ಲೆರ ಓಡಾಕತ್ತಿರ್ತಾವ, ಯಾರೆರ ಕುಂತಿರ್ತಾರ. ಬಿಳೇ ಗಾಡಿ ಇದ್ದವರು ಒಂದ್ ರಾತ್ರಿ ಬಯಲಾಗ ನಿಲ್ಲಸ್ರಿ. ಮುಂಜಾನಿ ಒರಸೂಕಿಂತ ಮೊದಲ ಒಮ್ಮೆ ನೆತ್ತಿ ನೋಡ್ರಿ. ಪಟ್ಟಿ ಕಂಡ್ರ ಓಡಿಸಬ್ಯಾಡ್ರಿ, ನನ್ನ ಕರೀರಿ. ಎಲ್ಲಿದ್ರೂ ಬರ್ತೀನಿ. ಆರು ಉಳದಾವ."